ಮತ್ಸ್ಯವಿನೋದ, ಶ್ಯೇನವಿನೋದ ಮತ್ತು ಜನ್ನನ ಉತ್ತರ

ಮಳೆಗಾಲ ಹಿಂದೆ ಸರಿದು ಕೆರೆಗಳು ತುಂಬಿ ನಿಲ್ಲುವ ಶರದೃತುವಿನಲ್ಲಿ, ಆಶ್ವಯುಜ ಶುದ್ಧ ಅಷ್ಟಮಿಯಂದು, ಕರ್ನಾಟಕದ ಜೈನರು ಜೀವದಯಾಷ್ಟಮಿಯನ್ನು ಆಚರಿಸುತ್ತಾರೆ. ಯಶೋಧರನ ಕಥೆಯನ್ನು ಓದುವುದು, ಓದಿಸಿ ಕೇಳುವುದು ಈ ವ್ರತದ ಮುಖ್ಯ ಅಂಗ. ಇದೇ ಕಾಲಕ್ಕೆ ಉತ್ತರದ ಶೀತದೇಶಗಳಿಂದ ಬಾತುಗಳೂ ಹೆಬ್ಬಾತುಗಳೂ ದಕ್ಷಿಣಕ್ಕೆ ಹೊರಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ, ಪ್ರಾಚೀನ ಜೈನಕೇಂದ್ರವಾದ ಪುಲಿಗೆರೆಯ ಸಮೀಪದಲ್ಲಿಯೇ, ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಕಳೆಯುತ್ತವೆ.

ಉತ್ತರ ಅಮೆರಿಕ, ಯೂರೋಪುಗಳ ಶೀತಸರೋವರಗಳಲ್ಲಿ ಇದೇ ಋತುವಿಗೆ ಬೇರೊಂದು ಅರ್ಥವಿದೆ. ಬೆಳಗಿನ ಜಾವದಲ್ಲಿ ಕೋವಿ ಹಿಡಿದು ಬಾತುಗಳ ಬೇಟೆ, ಬಿಸಿಲೇರಿದ ಮೇಲೆ ಅದೇ ದೋಣಿಯಲ್ಲಿ ಕುಳಿತು ಗಾಳ ಹಾಕುವುದು, ಹೀಗೆ ಒಂದೇ ಪ್ರವಾಸದಲ್ಲಿ ಎರಡು ಬೇಟೆಗಳನ್ನು ಕೂಡಿಸುವುದು ಅಲ್ಲಿ ಒಂದು ಮಾನ್ಯ ಹವ್ಯಾಸ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಬೇಟೆಯ ಬಾಗಿಲನ್ನು ಮುಚ್ಚಿದೆ. ಆದುದರಿಂದ ಈ ಜೋಡಿಬೇಟೆ ನಮಗೆ ಸಂಬಂಧಿಸದ ಪರದೇಶದ ಸಂಗತಿಯೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಮೀನು ಹಿಡಿಯುವುದನ್ನೂ ಹಕ್ಕಿ ಹೊಡೆಯುವುದನ್ನೂ ಅಕ್ಕಪಕ್ಕದಲ್ಲಿಟ್ಟು ಶಾಸ್ತ್ರೀಯವಾಗಿ ವರ್ಣಿಸಿದ ಗ್ರಂಥವೊಂದು ಕನ್ನಡನಾಡಿನಲ್ಲಿಯೇ, ಸುಮಾರು ಒಂಬತ್ತು ಶತಮಾನಗಳ ಹಿಂದೆ ರಚಿತವಾಯಿತು. ಅದಕ್ಕೆ ಉತ್ತರವೆಂಬಂತೆ ಓದಬಹುದಾದ ಕಾವ್ಯವೊಂದು ಎಂಬತ್ತು ವರ್ಷಗಳ ಅನಂತರ ಕನ್ನಡದಲ್ಲಿ ಹುಟ್ಟಿತು. ಈ ಎರಡು ಕೃತಿಗಳನ್ನು ಎದುರುಬದುರಾಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಇದನ್ನು ರಚಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಕಾಲ 1129ರ ಸುಮಾರು. ಭಾಷೆ ಸಂಸ್ಕೃತ. ಇಪ್ಪತ್ತು ಅಧ್ಯಾಯಗಳ ಐದು ‘ವಿಂಶತಿ’ಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು, ಅದನ್ನು ಸ್ಥಿರಗೊಳಿಸುವುದು, ಭೋಗಗಳು, ವಿನೋದಗಳು, ಕ್ರೀಡೆಗಳು ಎಂಬ ಕ್ರಮದಲ್ಲಿ ಅರಸನ ಬದುಕಿನ ಎಲ್ಲ ಮುಖಗಳನ್ನೂ ಇದು ಒಳಗೊಳ್ಳುತ್ತದೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಸಂಗೀತ, ನೃತ್ಯ, ಕಥೆಗಳ ಜೊತೆಗೆ ಹುಂಜದ ಕಾಳಗ, ಲಾವುಗೆಗಳ ಕಾಳಗ, ಟಗರಿನ ಕಾಳಗ ಬರುತ್ತವೆ. ಅಲ್ಲಿಯೇ ಶ್ಯೇನವಿನೋದ, ಮತ್ಸ್ಯವಿನೋದ, ಮೃಗಯಾವಿನೋದಗಳು ಒಂದರ ಪಕ್ಕದಲ್ಲೊಂದು ಕುಳಿತಿವೆ. ಶ್ಯೇನವೆಂದರೆ ಗಿಡುಗ. ಹಕ್ಕಿಯಿಂದ ಹಕ್ಕಿಯನ್ನು ಹೊಡೆಯಿಸುವುದು ಶ್ಯೇನವಿನೋದ. ಗಾಳದಿಂದ ಮೀನು ಹಿಡಿಯುವುದು ಮತ್ಸ್ಯವಿನೋದ.

ವಿಮರ್ಶಕನು ಮೊದಲು ಒಪ್ಪಿಕೊಳ್ಳಬೇಕಾದುದು ಈ ಗ್ರಂಥದ ಗುಣವನ್ನು. ಸೋಮೇಶ್ವರನ ಕಣ್ಣು ಸೂಕ್ಷ್ಮವಾದುದು. ಸಮುದ್ರದ ಮೀನು, ಸಿಹಿನೀರಿನ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂದು ವಿಂಗಡಿಸಿ ಸುಮಾರು ಮೂವತ್ತೈದು ಜಾತಿಗಳನ್ನು ಹೆಸರಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರ ಪ್ರಿಯವೆಂಬುದನ್ನು ತಿಳಿಸಿ, ಅದನ್ನು ಉಣಿಸುವ ಬಗೆಯನ್ನು ಹೇಳುತ್ತಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನೇ ವಿಷಯವಾಗಿಟ್ಟುಕೊಂಡು ಲೇಖನ ಬರೆದರು. ಪ್ರಾಣಿಗಳನ್ನು ಇಷ್ಟು ಹತ್ತಿರದಿಂದ ನೋಡಿದ ಅರಸರು ವಿರಳ.

ಇಷ್ಟು ಬಲ್ಲವನು ಆ ಬಲ್ಲಮೆಯನ್ನು ಯಾವುದಕ್ಕೆ ಮುಡಿಪಾಗಿಟ್ಟನು? ಪ್ರಶ್ನೆ ಏಳುವುದು ಇಲ್ಲಿ. ಮೀನಿನ ಹಸಿವನ್ನು ಅರಿತುಕೊಂಡದ್ದು ಆ ಹಸಿವಿನ ಮೂಲಕವೇ ಅದನ್ನು ಹಿಡಿಯುವುದಕ್ಕೆ. ಉಣಿಸಿದ ಕೈಯೇ ಗಾಳವನ್ನೂ ಹಿಡಿದಿದೆ. ಹೊಟ್ಟೆಗಾಗಿ ಬಲೆ ಬೀಸುವ ಬೆಸ್ತನಲ್ಲಿ ಈ ವಿಶ್ವಾಸದ್ರೋಹ ಇಷ್ಟು ಎದ್ದು ಕಾಣುವುದಿಲ್ಲ. ಅವನ ಬಲೆ ಯಾರಿಗೂ ಆತಿಥ್ಯದ ಭರವಸೆ ಕೊಟ್ಟಿರುವುದಿಲ್ಲ.

ಗ್ರಂಥದ ರಚನೆಯೇ ಇನ್ನೊಂದು ಸಾಕ್ಷ್ಯವನ್ನು ಒದಗಿಸುತ್ತದೆ. ಅರಸನ ಊಟದ ವಿಷಯ ಬರುವುದು ಮೂರನೆಯ ವಿಂಶತಿಯ ಅನ್ನಭೋಗದಲ್ಲಿ. ಮೀನು ಹಿಡಿಯುವ ವಿಷಯ ಬರುವುದು ನಾಲ್ಕನೆಯದರಲ್ಲಿ, ವಿನೋದವೆಂಬ ಶೀರ್ಷಿಕೆಯ ಕೆಳಗೆ. ಅಡುಗೆಮನೆಗೂ ಗಾಳಕ್ಕೂ ನಡುವೆ ಗ್ರಂಥಕರ್ತನೇ ಗೋಡೆ ಕಟ್ಟಿದ್ದಾನೆ. ಊಟಕ್ಕಾಗಿ ಬೇಟೆ ಎಂಬ ಸಮರ್ಥನೆ ಅವನಿಗೆ ಅಗತ್ಯವೆನಿಸಿಲ್ಲ. ಜೈನಾಚಾರ್ಯರ ಸಪ್ತವ್ಯಸನಗಳ ಪಟ್ಟಿಯಲ್ಲಿಯೂ ಇಂಥದೇ ವಿಂಗಡಣೆಯಿದೆ. ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಎಂದು ಏಳನ್ನು ಎಣಿಸುವಾಗ ಅವರು ಮಾಂಸವನ್ನೂ ಬೇಟೆಯನ್ನೂ ಬೇರೆಬೇರೆಯಾಗಿ ಹೇಳಿದರು. ಬೇಟೆಯ ದೋಷ ಮಾಂಸಭಕ್ಷಣೆಯ ದೋಷದೊಳಗೆ ಅಡಗಿಹೋಗುವುದಾಗಿದ್ದರೆ ಎರಡು ಹೆಸರುಗಳು ಬೇಕಿರಲಿಲ್ಲ. ಬೇಟೆಗೆ ತನ್ನದೇ ಆದ ಒಂದು ರುಚಿಯಿದೆ, ಅದು ನಾಲಗೆಯ ರುಚಿಗಿಂತ ಭಿನ್ನವಾದುದು ಎಂಬುದನ್ನು ಅವರು ಕಂಡುಕೊಂಡಿದ್ದರು. ಹೀಗೆ ಅರಸನೂ ಆಚಾರ್ಯರೂ ವಸ್ತುಸ್ಥಿತಿಯನ್ನು ಒಂದೇ ರೀತಿ ಗುರುತಿಸಿದ್ದಾರೆ. ಒಬ್ಬನು ಅದನ್ನು ವಿನೋದವೆಂದನು, ಇನ್ನೊಬ್ಬರು ವ್ಯಸನವೆಂದರು.

ಎರಡು ಬೇಟೆಗಳನ್ನು ಒಂದು ಪ್ರವಾಸದಲ್ಲಿ ಕೂಡಿಸುವ ಹವ್ಯಾಸವನ್ನು ಈ ಬೆಳಕಿನಲ್ಲಿ ನೋಡಬೇಕು. ಹಸಿದವನಿಗೆ ಒಂದು ಸಾಕು. ಮೀನು ಸಿಕ್ಕ ಮೇಲೂ ಹಕ್ಕಿಗಾಗಿ ಕಾಯುವವನು ಕಾಯುತ್ತಿರುವುದು ಆಹಾರಕ್ಕಾಗಿ ಆಗಿರಲಾರದು. ದಿನದ ಒಂದು ಘಳಿಗೆಯೂ ಬರಿದಾಗಬಾರದು ಎಂಬ ಆತುರ ಅದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಅನರ್ಥದಂಡವೆಂದು ಕರೆದದ್ದು ಇಂತಹ ನಿಷ್ಪ್ರಯೋಜಕ ಹಿಂಸೆಯನ್ನೇ.

ಮಾನಸೋಲ್ಲಾಸದಲ್ಲಿ ಇನ್ನೂ ಆಳವಾದ ಒಂದು ಬಿರುಕಿದೆ. ಅದರ ಮೊದಲ ವಿಂಶತಿ ಅರಸನಿಗೆ ಸದಾಚಾರವನ್ನು ಬೋಧಿಸುತ್ತದೆ. ಅಸತ್ಯವರ್ಜನ, ಪರದ್ರೋಹವರ್ಜನ, ಕ್ರೋಧವರ್ಜನ, ದೀನಾನಾಥಪೋಷಣ, ಶರಣಾಗತರಕ್ಷಣ ಇವೆಲ್ಲ ಅಲ್ಲಿನ ಅಧ್ಯಾಯಗಳ ವಿಷಯಗಳು. ಪರರಿಗೆ ದ್ರೋಹ ಮಾಡಬೇಡ, ಶರಣು ಬಂದವರನ್ನು ಕಾಪಾಡು ಎಂದು ಆರಂಭಿಸಿದ ಗ್ರಂಥ, ನಾಲ್ಕನೆಯ ವಿಂಶತಿಗೆ ಬರುವಷ್ಟರಲ್ಲಿ ಉಣಿಸಿದ ಮೀನನ್ನು ಗಾಳಕ್ಕೆ ಸಿಕ್ಕಿಸುವ ಉಪಾಯವನ್ನು ಹೇಳುತ್ತದೆ. ಅರಸನಿಗೆ ಇದರಲ್ಲಿ ವಿರೋಧ ಕಂಡಂತಿಲ್ಲ. ಏಕೆಂದರೆ ‘ಪರ’ ಎಂಬ ಶಬ್ದದೊಳಗೆ ಮೀನೂ ಹಕ್ಕಿಯೂ ಸೇರಿರಲಿಲ್ಲ. ಯಾರು ಪರ, ಯಾರು ಶರಣಾಗತ? ಆ ಗ್ರಂಥ ಕೇಳದೆ ಬಿಟ್ಟ ಈ ಪ್ರಶ್ನೆಯನ್ನು ಜನ್ನ ಕೇಳಿದನು.

ಜನ್ನನ ‘ಯಶೋಧರ ಚರಿತೆ’ಯ ಕಾಲ 1209. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದವನು ಜನ್ನ. ಕಥೆ ಅವನಿಗಿಂತ ಹಳೆಯದು. ಸೋಮದೇವಸೂರಿ 959ರಲ್ಲಿ ‘ಯಶಸ್ತಿಲಕ ಚಂಪು’ವನ್ನು ಪೂರೈಸಿದ್ದನು. ಹನ್ನೊಂದನೆಯ ಶತಮಾನದಲ್ಲಿ ವಾದಿರಾಜಸೂರಿ ಈ ಕಥೆಯನ್ನು ಸಂಸ್ಕೃತ ಕಾವ್ಯವಾಗಿಸಿದನು. ಆ ವಾದಿರಾಜನಿಗೆ ಆಶ್ರಯವಿತ್ತದ್ದು ಸೋಮೇಶ್ವರನ ಪೂರ್ವಜನಾದ ಚಾಲುಕ್ಯ ಜಯಸಿಂಹನ ಆಸ್ಥಾನ ಎಂಬುದು ಗಮನಾರ್ಹ. ವಿನೋದದ ಗ್ರಂಥವೂ ಅದರ ಖಂಡನೆಯ ಕಥೆಯೂ ಒಂದೇ ಅರಸುಮನೆತನದ ನೆರಳಿನಲ್ಲಿ ಬೆಳೆದವು.

ಕಥೆ ಓದುಗರಿಗೆ ಪರಿಚಿತವೇ. ಉಜ್ಜಯಿನಿಯ ಅರಸ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಜೀವಬಲಿಗೆ ಬದಲಾಗಿ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಕಡಿದಾಗ ಆ ಹುಂಜ ಕೂಗುತ್ತದೆ. ರಾಣಿ ಅಮೃತಮತಿ ಇಟ್ಟ ವಿಷದಿಂದ ತಾಯಿಯೂ ಮಗನೂ ಸತ್ತು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಆಧುನಿಕ ಕನ್ನಡ ವಿಮರ್ಶೆ ಅಮೃತಮತಿ ಮತ್ತು ಮಾವುತನ ಪ್ರಸಂಗದಲ್ಲಿಯೇ ಹೆಚ್ಚು ಕಾಲ ನಿಂತಿದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವೂ (1980) ಅರಸ, ಅರಸಿ, ತಾಯಿ, ಮಾವುತ ಈ ನಾಲ್ವರ ನಡುವೆಯೇ ಮುಗಿಯುತ್ತದೆ. ಭವಾವಳಿಯ ಭಾಗವನ್ನು ಪುರಾಣದ ಬಾಲವೆಂದು ಕಡೆಗಣಿಸುವುದು ವಾಡಿಕೆಯಾಗಿದೆ. ಆದರೆ ಮತ್ಸ್ಯವಿನೋದಕ್ಕೂ ಶ್ಯೇನವಿನೋದಕ್ಕೂ ಉತ್ತರವಿರುವುದು ಆ ಭವಾವಳಿಯಲ್ಲಿಯೇ.

ಒಂದು ಜನ್ಮದಲ್ಲಿ ಯಶೋಧರ ಸಿಪ್ರಾ ನದಿಯ ಮೀನಾಗುತ್ತಾನೆ. ತಾಯಿ ಅದೇ ನದಿಯ ಮೊಸಳೆ. ಮೀನು ಸೆರೆಸಿಕ್ಕಿ ಅರಮನೆಯ ಅಡುಗೆಮನೆಯನ್ನು ಸೇರುತ್ತದೆ. ಪಿತೃಗಳ ತೃಪ್ತಿಗೆಂದು ಮಾಡಿದ ಅಡುಗೆಯಲ್ಲಿ ಪಿತೃವೇ ಬೇಯುತ್ತಾನೆ. ಪ್ರಾಣಿಜನ್ಮಗಳಲ್ಲಿ ಕೊನೆಯದರಲ್ಲಿ ತಾಯಿಮಕ್ಕಳು ಕೋಳಿಗಳಾಗುತ್ತಾರೆ. ಮುನಿಯೊಬ್ಬರ ಉಪದೇಶ ಕಿವಿಗೆ ಬಿದ್ದು, ಹಿಂದಿನ ಭವಗಳು ನೆನಪಾಗಿ, ಆ ಕೋಳಿಗಳು ಸಂತೋಷದಿಂದ ಕೂಗುತ್ತವೆ. ಯಶೋಧರನ ಮಗನಾದ ಯಶೋಮತಿ ಅರಸ ಆ ಕೂಗನ್ನು ಕೇಳಿ, ರಾಣಿಯ ಮುಂದೆ ತನ್ನ ಶಬ್ದವೇಧಿ ಕೌಶಲವನ್ನು ಮೆರೆಯಲು ಬಾಣ ಬಿಡುತ್ತಾನೆ. ಕಾಣದ ತಂದೆಯೂ ಅಜ್ಜಿಯೂ ಆ ಬಾಣಕ್ಕೆ ಸಾಯುತ್ತಾರೆ.

ಇಲ್ಲಿ ಮೂರು ಸಂಗತಿಗಳು ವಿಚಾರಾರ್ಹ. ಮೊದಲನೆಯದು, ಮೀನೂ ಹಕ್ಕಿಯೂ ಇಲ್ಲಿ ಒಂದೇ ಜೀವ. ಸೋಮೇಶ್ವರನ ಗ್ರಂಥದಲ್ಲಿ ಅವು ಎರಡು ಅಧ್ಯಾಯಗಳು, ಜನ್ನನಲ್ಲಿ ಒಂದೇ ಪಯಣದ ಎರಡು ತಂಗುದಾಣಗಳು. ಎರಡನೆಯದು, ಮೀನು ಸತ್ತದ್ದು ಆಚಾರದ ಹೆಸರಿನಲ್ಲಿ, ಹಕ್ಕಿ ಸತ್ತದ್ದು ವಿನೋದದ ಹೆಸರಿನಲ್ಲಿ. ಕವಿ ಎರಡನ್ನೂ ಬೇರೆಯಾಗಿ ತೋರಿಸಿಯೂ ಯಾವುದನ್ನೂ ಕ್ಷಮಿಸುವುದಿಲ್ಲ. ಮೂರನೆಯದು, ಬಾಣಕ್ಕೆ ದಾರಿ ತೋರಿಸಿದ್ದು ಕೂಗು. ಹಿಟ್ಟಿನ ಹುಂಜದ ಕೂಗಿನಿಂದ ಮೊದಲಾದ ದುಃಖದ ಸರಪಳಿ ನಿಜವಾದ ಹುಂಜದ ಕೂಗಿನೊಂದಿಗೆ ಮುಗಿಯುತ್ತದೆ. ಬೇಟೆಗಾರನ ಕಿವಿಗೆ ಆ ಕೂಗು ಬರಿಯ ಗುರಿ. ಅದರೊಳಗಿನ ಹರ್ಷ ಅವನಿಗೆ ಕೇಳಿಸುವುದಿಲ್ಲ. ಮಾನಸೋಲ್ಲಾಸದ ಬಲ್ಲಮೆಯ ಮಿತಿ ಇದೇ: ಅದು ಎಲ್ಲವನ್ನೂ ಗಮನಿಸುತ್ತದೆ, ಏನನ್ನೂ ಆಲಿಸುವುದಿಲ್ಲ.

ಹೀಗೆಂದ ಮಾತ್ರಕ್ಕೆ ಜನ್ನನ ಕಾವ್ಯ ನಿರ್ದೋಷವೆಂದು ಭಾವಿಸಬೇಕಿಲ್ಲ. ಅವನ ಮೀನು ಮೀನೇ ಅಲ್ಲ, ಮೀನಿನ ವೇಷದ ಅರಸ. ಅದರ ಈಸು, ಅದರ ಹಸಿವು, ಅದರ ಭಯ ಕವಿಗೆ ಮುಖ್ಯವಾಗಿಲ್ಲ. ಓದುಗನ ಕರುಣೆ ಉಕ್ಕುವುದು ಅದು ಯಶೋಧರನೆಂಬ ಕಾರಣಕ್ಕೆ. ನಮ್ಮ ತಂದೆಯಾಗಿರಬಹುದು ಎಂದು ಮೀನನ್ನು ಬಿಡುವುದು ದಯೆಗಿಂತ ಬಂಧುಪ್ರೇಮಕ್ಕೆ ಹತ್ತಿರವಾದುದು. ಹಾಗೆಯೇ, ಕೊಂದರೆ ಮೀನಾಗಿ ಹುಟ್ಟುವೆನೆಂಬ ಹೆದರಿಕೆಯಿಂದ ಕೈ ತಡೆದವನು ಲೆಕ್ಕಪತ್ರದಲ್ಲಿ ಜಾಣನೇ ಹೊರತು ದಯಾವಂತನಾಗಲಿಲ್ಲ. ಈ ಒಂದು ಅಂಶದಲ್ಲಿ ಸೋಮೇಶ್ವರ ಜನ್ನನಿಗಿಂತ ಮುಂದಿದ್ದಾನೆ ಎಂದು ಒಪ್ಪಬೇಕಾಗುತ್ತದೆ. ಅವನ ಮೀನು ನಿಜವಾದ ಮೀನು.

ನಿಜವಾದ ಮೀನನ್ನೂ ನಿಜವಾದ ದಯೆಯನ್ನೂ ಒಂದೆಡೆ ಕೂಡಿಸಿದ ಕಥೆ ಸೋಮದೇವಸೂರಿಯ ಯಶಸ್ತಿಲಕದಲ್ಲಿದೆ. ಮೃಗಸೇನನೆಂಬ ಬೆಸ್ತ ಮುನಿಯೊಬ್ಬರಲ್ಲಿ ಒಂದು ಚಿಕ್ಕ ವ್ರತವನ್ನು ಪಡೆಯುತ್ತಾನೆ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡಬೇಕು, ಅಷ್ಟೇ. ಮೊದಲ ಮೀನಿಗೆ ಗುರುತಿಗಾಗಿ ಬಟ್ಟೆಯ ಚೂರೊಂದನ್ನು ಕಟ್ಟಿ ನೀರಿಗೆ ಬಿಡುತ್ತಾನೆ. ಮರಳಿ ಬಲೆ ಬೀಸಿದಾಗಲೆಲ್ಲ ಅದೇ ಮೀನು ಬೀಳುತ್ತದೆ, ಅವನು ಅದನ್ನು ಮತ್ತೆಮತ್ತೆ ಬಿಡುತ್ತಾನೆ, ಬರಿಗೈಯಲ್ಲಿ ಮನೆಗೆ ಮರಳುತ್ತಾನೆ. ಐದು ಸಲ ಬಿಟ್ಟ ಫಲವಾಗಿ ಮುಂದಿನ ಜನ್ಮದಲ್ಲಿ ಐದು ಸಲ ಸಾವಿನಿಂದ ಪಾರಾಗುತ್ತಾನೆ. ಇಲ್ಲಿ ಮೀನು ಯಾರ ತಂದೆಯೂ ಅಲ್ಲ. ಅದನ್ನು ಗುರುತಿಸಿದ್ದು ಒಂದು ಬಟ್ಟೆಯ ಚೂರಿನಿಂದ. ಸೋಮೇಶ್ವರ ಮೀನಿನ ಜಾತಿಗಳನ್ನು ಗುರುತಿಸಿದನು, ಮೃಗಸೇನ ಒಂದು ಮೀನನ್ನು ಗುರುತಿಸಿದನು. ಹಸಿದವನಾಗಿಯೂ ಅವನು ಬಿಟ್ಟನು, ಉಂಡು ಕುಳಿತವನು ಹಿಡಿದನು.

ಈ ಕಥೆಯನ್ನು ಮುಂದಿಟ್ಟುಕೊಂಡು, ಹಿಡಿದು ಮರಳಿ ಬಿಡುವ ಇಂದಿನ ಗಾಳದ ಕ್ರೀಡೆಯನ್ನು ಸಮರ್ಥಿಸುವವರು ಇರಬಹುದು. ಕಾವೇರಿ ತೀರದ ಭೀಮೇಶ್ವರಿಯಲ್ಲಿ ಮಹಶೀರ್ ಮೀನನ್ನು ಹಿಡಿದು ಬಿಡುವ ಶಿಬಿರಗಳು ಹಲವು ವರ್ಷ ನಡೆದವು. ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ ಮುಂದೆ ಅದಕ್ಕೆ ತಡೆ ಬಿತ್ತು. ಗಾಳಗಾರರು ಬರೆದಿಟ್ಟ ಲೆಕ್ಕಗಳಿಂದಲೇ ಅಳಿವಿನ ಅಂಚಿನಲ್ಲಿರುವ ಕಾವೇರಿಯ ಆ ಮೀನಿನ ಸ್ಥಿತಿ ವಿಜ್ಞಾನಿಗಳಿಗೆ ತಿಳಿದುಬಂದಿತೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆದರೂ ಮೃಗಸೇನ ಬಿಟ್ಟದ್ದು ಹಿಡಿಯುವುದು ಅವನ ಜೀವನೋಪಾಯವಾಗಿದ್ದುದರಿಂದ. ಶಿಬಿರದವರು ಹಿಡಿದದ್ದು ಹಿಡಿಯುವ ಸುಖಕ್ಕಾಗಿ, ಬಿಟ್ಟದ್ದು ಮತ್ತೆ ಹಿಡಿಯುವುದಕ್ಕಾಗಿ. ಎರಡೂ ಹೊರನೋಟಕ್ಕೆ ಒಂದೇ ಕ್ರಿಯೆ, ಭಾವ ಬೇರೆ.

ಬೇಟೆಯಿಂದ ಆರಂಭಿಸಿ ಬೇರೆ ಕಡೆಗೆ ತಿರುಗಿದ ಆಧುನಿಕ ಉದಾಹರಣೆಯೊಂದು ಕನ್ನಡದಲ್ಲಿದೆ. ಮುನಿಯೊಬ್ಬರ ಆಜ್ಞೆಯಂತೆ ಸಳನು ಹುಲಿಯನ್ನು ಹೊಡೆದನೆಂಬ ಹೊಯ್ಸಳರ ಐತಿಹ್ಯಕ್ಕೆ ನೆಲೆಯಾದ ಅಂಗಡಿ ಗ್ರಾಮ ಮೂಡಿಗೆರೆ ತಾಲ್ಲೂಕಿನದು. ಅಲ್ಲಿ ಹೊಡೆತ ಎರಗಿ ಬಂದ ಪ್ರಾಣಿಯಿಂದ ರಕ್ಷಣೆಗಾಗಿ, ವಿರೋಧಿ ಹಿಂಸೆಯ ಎಲ್ಲೆಯೊಳಗೆ. ಅದೇ ಮೂಡಿಗೆರೆಯಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರು ‘ಪರಿಸರದ ಕಥೆ’ಯಲ್ಲಿ (1991) ಕೋವಿ, ಗಾಳ, ಕಿವಿ ಎಂಬ ನಾಯಿ ಇವುಗಳೊಡನೆ ಕಾಡು ಅಲೆದ ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಜೈನ ಓದುಗನಿಗೆ ಅಲ್ಲಿನ ಕೆಲವು ಪುಟಗಳು ಕಸಿವಿಸಿಯುಂಟುಮಾಡುತ್ತವೆ. ಆದರೆ ಆ ಪುಸ್ತಕದಲ್ಲಿ ಬೇಟೆಗಾರನ ಡಂಭವಿಲ್ಲ. ತೇಜಸ್ವಿಯವರು ಮುಂದೆ ಹಕ್ಕಿಗಳಿಗೆ ಗುರಿಯಿಟ್ಟದ್ದು ಕ್ಯಾಮರಾದಿಂದ. ಕಾದು ಕುಳಿತುಕೊಳ್ಳುವ ಅದೇ ತಾಳ್ಮೆ, ಅದೇ ಕಣ್ಣು, ಹಕ್ಕಿ ಮಾತ್ರ ಉಳಿಯಿತು. ಗಾಳದ ಮೋಹ ಅವರನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಹಕ್ಕಿಯ ನೋವು ಕಾಣುತ್ತದೆ, ಮೀನಿಗೆ ಕೂಗಿಲ್ಲ ಎಂಬುದೇ ಕಾರಣವಿರಬಹುದೇ? ಯಶೋಮತಿಗೆ ಕೂಗು ಕೇಳಿಯೂ ತಿಳಿಯಲಿಲ್ಲ. ಕೂಗದ ಜೀವದ ಪಾಡು ಇನ್ನೂ ಕಷ್ಟ.

ಸೋಮೇಶ್ವರನನ್ನೂ ಉತ್ತರದ ಸರೋವರಗಳ ಬೇಟೆಗಾರರನ್ನೂ ವಿಮರ್ಶಿಸಿ, ಗಾಳವನ್ನೂ ಕೋವಿಯನ್ನೂ ಮುಟ್ಟದ ಶ್ರಾವಕನು ನಿಶ್ಚಿಂತನಾಗಬಹುದೇ? ಹಿಟ್ಟಿನ ಹುಂಜ ಇದಕ್ಕೆ ಅವಕಾಶ ಕೊಡುವುದಿಲ್ಲ. ಯಶೋಧರ ರಕ್ತ ಸುರಿಸಿದವನಲ್ಲ. ಸಂಕಲ್ಪವೊಂದೇ ಅವನ ಅಪರಾಧ. ಇನ್ನು ಅನರ್ಥದಂಡದ ಐದು ಬಗೆಗಳಲ್ಲಿ ಪಾಪೋಪದೇಶವೂ ಹಿಂಸಾದಾನವೂ ಸೇರಿವೆ. ಹಿಂಸೆಯ ಉಪಾಯವನ್ನು ಹೇಳಿಕೊಡುವುದು ಮೊದಲನೆಯದು, ಉಪಕರಣವನ್ನು ಒದಗಿಸುವುದು ಎರಡನೆಯದು. ವ್ಯಾಪಾರವನ್ನೇ ನಂಬಿದ ಸಮಾಜಕ್ಕೆ ಎರಡನೆಯದು ನೇರವಾಗಿ ತಟ್ಟುವ ಮಾತು. ಆಷಾಢದ ಗಾಳಿಗೆ ಪಟ ಹಾರಿಸುವ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿತು. ಅದು ಹಕ್ಕಿಗಳ ರೆಕ್ಕೆಯನ್ನು ಕೊಯ್ಯುತ್ತದೆಂಬುದು ಕಾರಣಗಳಲ್ಲೊಂದು. ಅದನ್ನು ಮಾರಿದವನೂ ಮಗುವಿಗೆ ಕೊಂಡುಕೊಟ್ಟವನೂ ಗಿಡುಗವನ್ನು ಸಾಕದೆಯೇ ಶ್ಯೇನವಿನೋದದಲ್ಲಿ ಪಾಲುಗೊಂಡಂತೆ.

ಮತ್ಸ್ಯವಿನೋದದ ವಿಷಯವೂ ದೂರದ್ದಲ್ಲ. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಇಳಿಜಾರಿನ ನೀರನ್ನು ಹೊತ್ತು ಕೆಂಗೇರಿಯ ಮಾರ್ಗವಾಗಿ ಹರಿಯುವ ವೃಷಭಾವತಿ, ಆದಿತೀರ್ಥಂಕರರ ಲಾಂಛನವನ್ನು ನೆನಪಿಸುವ ಹೆಸರಿನ ನದಿ, ಚರಂಡಿಯ ಕೊಳೆಯಿಂದಲೂ ಕಾರ್ಖಾನೆಗಳ ತ್ಯಾಜ್ಯದಿಂದಲೂ ಕಪ್ಪಾಗಿ ಬೈರಮಂಗಲದ ಕೆರೆಯನ್ನು ಸೇರುತ್ತದೆ. ಅಲ್ಲಿ ಯಾರೂ ಗಾಳ ಹಾಕಿ ಮೀನುಗಳನ್ನು ಕೊಂದಿಲ್ಲ. ವಿನೋದವೂ ಇಲ್ಲ, ಸಂಕಲ್ಪವೂ ಇಲ್ಲ. ಇದು ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿಸಲಾಗದ್ದು ಎಂಬ ಸಮಾಧಾನವನ್ನು ಹೇಳಿಕೊಳ್ಳಬಹುದು. ಆದರೆ ತಪ್ಪಿಸಬಹುದಾದಷ್ಟನ್ನು ತಪ್ಪಿಸದಿದ್ದಾಗ ಅದು ಪ್ರಮಾದ. ಪ್ರಮಾದದಿಂದಾದ ಪ್ರಾಣಹಾನಿಯನ್ನೇ ಉಮಾಸ್ವಾತಿ ಹಿಂಸೆಯೆಂದು ವ್ಯಾಖ್ಯಾನಿಸಿದ್ದು.

ಬಸದಿಗಳ ಆಡಳಿತ ಮಂಡಳಿಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಜೀವದಯಾಷ್ಟಮಿಯ ವಾಚನದಲ್ಲಿ ಕಥೆಯನ್ನು ಅಮೃತಮತಿಯ ವಿಷದೊಂದಿಗೆ ಮುಗಿಸದೆ, ಮೀನಿನ ಭವವನ್ನೂ ಕೋಳಿಯ ಭವವನ್ನೂ ಪೂರ್ಣವಾಗಿ ಓದಿಸಬೇಕು. ಮೃಗಸೇನನ ಕಥೆಯನ್ನು ಅದಕ್ಕೆ ಸೇರಿಸಬೇಕು. ಮಕ್ಕಳನ್ನು ಮೈಸೂರು ರಸ್ತೆಯಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಕರೆದೊಯ್ಯಬೇಕು. ಅಲ್ಲಿನ ಗ್ರಾಮಸ್ಥರು, ಅವರಲ್ಲಿ ಬಹುಪಾಲು ಜನ ಜೈನರಲ್ಲ, ಮನೆಯ ಮುಂದಿನ ಮರಗಳಲ್ಲಿ ಹೆಜ್ಜಾರ್ಲೆಗಳಿಗೂ ಬಣ್ಣದ ಕೊಕ್ಕರೆಗಳಿಗೂ ತಲೆತಲಾಂತರದಿಂದ ಆಶ್ರಯ ಕೊಟ್ಟಿದ್ದಾರೆ. ಆ ಹಕ್ಕಿಗಳೂ ಮೀನು ತಿನ್ನುತ್ತವಲ್ಲ ಎಂದು ಮಗುವೊಂದು ಕೇಳಬಹುದು. ಅವು ಹಸಿದಾಗ ತಿನ್ನುತ್ತವೆ, ಬೇಸರ ಕಳೆಯಲು ಅಲ್ಲ ಎಂಬುದು ಆ ಮಗುವಿಗೆ ಕೊಡಬಹುದಾದ ಉತ್ತರ.

ಜನ್ನನ ಕಾವ್ಯದಲ್ಲಿ ಯಶೋಮತಿ ಇನ್ನೊಮ್ಮೆ ಬೇಟೆಗೆ ಹೊರಡುತ್ತಾನೆ. ದಾರಿಯಲ್ಲಿ ಸುದತ್ತಮುನಿಯನ್ನು ಕಂಡು ಅಪಶಕುನವೆಂದು ನಾಯಿಗಳನ್ನು ಛೂ ಬಿಡುತ್ತಾನೆ. ನಾಯಿಗಳು ಮುನಿಯ ಮೇಲೆ ಬೀಳುವುದಿಲ್ಲ. ಆಗ ಅರಸನ ಕೈ ತಡೆದು, ಅವನನ್ನು ಮುನಿಯ ಬಳಿಗೆ ಕರೆದೊಯ್ದವನು ಕಲ್ಯಾಣಮಿತ್ರ. ಅವನು ಮಂತ್ರಿಯಲ್ಲ, ಪಂಡಿತನಲ್ಲ. ಆ ಊರಿನ ಒಬ್ಬ ವ್ಯಾಪಾರಿ.